ಮಗಳನ್ನು ಎತ್ತಲು ಕಲಿತ ಟೀಚರ್

ಕಳೆದ ವಾರ ನಮ್ಮ ಜಿಮ್ಮಿನ ಹಿಂದಿನ ಕೋಣೆ ಖಾಲಿ ಮಾಡುವಾಗ ಮುರಿದ ಬೆಂಚುಗಳ ಅಡಿಯಿಂದ ಒಂದು ಚೀಲ ಹೊರಗೆ ಬಂತು. ನೀಲಿ ಹೂವಿನ ನೈಟಿ ಬಟ್ಟೆಯನ್ನು ಎರಡು ಪದರ ಮಾಡಿ, ಒಂದು ಆಳಿನಷ್ಟು ಉದ್ದಕ್ಕೆ ಹೊಲಿದು, ಒಳಗೆ ಮರಳು ತುಂಬಿದ ಚೀಲ. ಎಷ್ಟೋ ಮಳೆಗಾಲಗಳ ತೇವ ಕುಡಿದು ಮರಳು ಗಟ್ಟಿಯಾಗಿತ್ತು, ಬಟ್ಟೆಗೆ ಬೂಷ್ಟು ಹಿಡಿದಿತ್ತು. ಎಳೆದ ಕೂಡಲೇ ಆ ವಾಸನೆ... ಜೂನ್ ಬಂತೆಂದರೆ ಮಂಗಳೂರಿನ ಎಲ್ಲ ಕಪಾಟುಗಳಿಂದ ಬರುವ ವಾಸನೆಯೇ. ಆದರೆ ಅದರೊಳಗೆ ಎಲ್ಲೋ ಸ್ವಲ್ಪ ಟಾಲ್ಕಂ ಪೌಡರಿನ ವಾಸನೆಯೂ ಇತ್ತೋ, ಇಲ್ಲ ನನಗೆ ಹಾಗೆ ಅನಿಸಿತೋ, ಗೊತ್ತಿಲ್ಲ. ಸಾಮಾನು ಸಾಗಿಸಲು ಬಂದವನು, "ಇದನ್ನು ಬಿಸಾಡುವುದಲ್ವಾ ಸರ್?" ಎಂದು ಕೇಳಿದ. "ಮುಟ್ಟಬೇಡ ಅದನ್ನು!" ಎಂದು ಬೊಬ್ಬೆ ಹೊಡೆದೆ. ಪಾಪ, ಅವನು ಬೆಚ್ಚಿಬಿದ್ದ.

ಕೋಪ ನನಗೆ ಬೇಗ ಬರುತ್ತದೆ, ಅದು ಅತ್ತಾವರದಲ್ಲಿ ಎಲ್ಲರಿಗೂ ಗೊತ್ತು. ನನ್ನದು ಪರ್ಸನಲ್ ಟ್ರೈನರ್ ಕೆಲಸ. ಮುಂಜಾನೆ ಪಡೀಲಿನಿಂದ ಬೈಕಿನಲ್ಲಿ ಬಂದು ಶಟರ್ ಎತ್ತಿದರೆ, ಜನರ ಬೆನ್ನು, ಮಂಡಿ, ಹೊಟ್ಟೆ ನೋಡುತ್ತಲೇ ದಿನ ಮುಗಿಯುತ್ತದೆ. ನಮ್ಮ ಮನೆಯವರಿಗೆಲ್ಲ ಹೋಟೆಲು, ಬಿಸಿನೆಸ್ಸು. ನೆಂಟರ ಎದುರು "ಮಗ ಜಿಮ್ಮಿನಲ್ಲಿದ್ದಾನೆ" ಎಂದು ಹೇಳಲು ಅಮ್ಮನಿಗೆ ಇವತ್ತಿಗೂ ಸ್ವಲ್ಪ ಮುಜುಗರ. ಇರಲಿ. ತಿಂಗಳೊಳಗೆ ತೋಳು ಉಬ್ಬಬೇಕೆನ್ನುವ ಹುಡುಗರು, ಡಬ್ಬಿ ಪೌಡರು ಕಲಸಿ ಕುಡಿದು ಮನೆಯ ಬೂತಾಯಿ ಮೀನಿನ ಸಾರಿಗೆ ಮೂಗು ಮುರಿಯುವವರು, ನೋವಿದ್ದರೂ ಹಲ್ಲು ಕಚ್ಚಿ ಎತ್ತಿ ಆಮೇಲೆ ನನ್ನ ತಲೆ ತಿನ್ನುವವರು... ಇವರನ್ನೆಲ್ಲ ಬೈದು ಬೈದು ನನ್ನ ಗಂಟಲು ಹೋಗಿದೆ. ಶಕ್ತಿ ಬರುವುದು ಎತ್ತುವಾಗ ಅಲ್ಲ, ತಿಂದು ಮಲಗಿದಾಗ ಎಂದು ಎಷ್ಟು ಜನರಿಗೆ ಹೇಳಿದ್ದೇನೋ. ಆ ಚೀಲ ಹೊಲಿದ ಟೀಚರಿಗೂ ಹೇಳಿದ್ದೆ. ಅವರಿಗೆ ಅದು ಚೆನ್ನಾಗಿ ಅರ್ಥವೂ ಆಗಿತ್ತು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ.

ಟೀಚರ್ ಮೊದಲ ಸಲ ಬಂದಾಗ ನನಗೆ ಮೂವತ್ತರ ಆಸುಪಾಸು. ಕಾಟನ್ ಸೀರೆ, ಕೈಯಲ್ಲಿ ಉದ್ದ ಕೊಡೆ, ಕೊರಳಲ್ಲಿ ಸಣ್ಣ ಶಿಲುಬೆ. ಪ್ರೈಮರಿ ಶಾಲೆಯಲ್ಲಿ ಕಲಿಸಿ ಆಗಷ್ಟೇ ರಿಟೈರ್ ಆಗಿದ್ದರು. ಬಾಗಿಲಲ್ಲಿ ನಿಂತು ಚಪ್ಪಲಿ ಬಿಚ್ಚಲೋ ಬೇಡವೋ ಎಂದು ನೋಡುತ್ತಿದ್ದರು. ಒಳಗಿದ್ದ ಮೆಡಿಕಲ್ ಕಾಲೇಜಿನ ಹುಡುಗರು ಒಬ್ಬರಿಗೊಬ್ಬರು ಮೊಣಕೈ ತಿವಿದು ನಕ್ಕರು. ಯಾರಿಗೋ ಕೊರಿಯರ್ ಕೊಡಲು ಬಂದಿರಬೇಕು ಎಂದು ನಾನೂ ಅಂದುಕೊಂಡೆ. ತಾನು ರಿಟೈರ್ಡ್ ಟೀಚರ್, ಜಿಮ್ಮಿಗೆ ಸೇರಲಿಕ್ಕೆ ಬಂದದ್ದು ಎಂದು ಅವರೇ ಹೇಳಿದರು.

"ಸೊಂಟ ನೋವಾ ಟೀಚರ್, ಮಂಡಿ ನೋವಾ?" ಎಂದು ಕೇಳಿದೆ.

"ನೋವು ಎಂತದ್ದೂ ಇಲ್ಲ. ನನಗೆ ನನ್ನ ಮಗಳನ್ನು ಎತ್ತಬೇಕು."

"ಎಷ್ಟು ವರ್ಷ ಮಗಳಿಗೆ?"

"ಇಪ್ಪತ್ತೆಂಟು."

ನಾನು ಒಂದು ಬೆಂಚು ಎಳೆದು ಹಾಕಿದೆ. ಅವರು ಬೆಂಚಿನ ತುದಿಯಲ್ಲಿ ಕುಳಿತು, ಪಾಠ ಮಾಡುವ ಹಾಗೆ ನಿಧಾನಕ್ಕೆ ಎಲ್ಲ ಹೇಳಿದರು. ಹೆರಿಗೆಯ ಹೊತ್ತಿನಲ್ಲೇ ಮಗುವಿನ ಮಿದುಳಿಗೆ ಪೆಟ್ಟಾಗಿತ್ತು. ನಡೆಯುವುದಿಲ್ಲ, ಮಾತಿಲ್ಲ, ತಾನಾಗಿ ಎದ್ದು ಕೂರುವುದೂ ಇಲ್ಲ. ಗಲ್ಫಿನಲ್ಲಿದ್ದ ಗಂಡ ಅಲ್ಲಿಯೇ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಭಾನುವಾರ ಪ್ರಾರ್ಥನೆಗೆ ಇಗರ್ಜಿಗೆ, ಎಲ್ಲ ಕಡೆಗೂ ಎತ್ತಿಕೊಂಡು ಹೋಗುವವರು ಇವರೊಬ್ಬರೇ. ಶಾಲೆ ಹತ್ತಿರವೇ ಇದ್ದದ್ದರಿಂದ ಮಧ್ಯಾಹ್ನ ಓಡಿ ಬಂದು ಉಣ್ಣಿಸಿ ಹೋಗುತ್ತಿದ್ದರು, ಉಳಿದ ಹೊತ್ತು ಪಕ್ಕದ ಮನೆಯ ಹೆಂಗಸು ಕಣ್ಣಿಡುತ್ತಿದ್ದರು. ಅಷ್ಟು ಹೇಳಿ ಅವರು ಕೇಳಿದ ಪ್ರಶ್ನೆ ನನ್ನ ಕಿವಿಯಲ್ಲಿ ಇನ್ನೂ ಇದೆ.

"ಅವಳು ಭಾರ ಆಗ್ತಾ ಬರ್ತಾಳೆ. ನನಗೆ ಶಕ್ತಿ ಕಡಿಮೆ ಆಗ್ತಾ ಬರ್ತದೆ. ಒಂದು ದಿನ ನನ್ನಿಂದ ಆಗ್ಲಿಕ್ಕಿಲ್ಲ. ಆ ದಿನ ಅವಳನ್ನು ಆಶ್ರಮಕ್ಕೆ ಬಿಡ್ಬೇಕು, ಬೇರೆ ದಾರಿ ಇಲ್ಲ. ಆ ದಿನವನ್ನು ಸ್ವಲ್ಪ ದೂರ ತಳ್ಳಿ ಕೊಡ್ಲಿಕ್ಕೆ ಆಗ್ತದಾ ನಿಮ್ಮಿಂದ?"

ಹುಡುಗರ ನಗು ನಿಂತಿತ್ತು. ಆಗ್ತದೆ ಟೀಚರ್, ಎಂದೆ.

ಮಾರನೆಯ ದಿನ ಬೋಳಾರದ ಅವರ ಮನೆಗೆ ಹೋದೆ. ಎತ್ತುವುದನ್ನು ಕಣ್ಣಾರೆ ನೋಡದೆ ಕಲಿಸುವುದು ಹೇಗೆ? ಮನೆ ರಸ್ತೆಯಿಂದ ಕೆಳಗಿತ್ತು. ಕೆಂಪುಕಲ್ಲಿನ ಕಡಿದಾದ ಮೆಟ್ಟಿಲು ಇಳಿದು ಹೋಗಬೇಕು, ಗಾಲಿಕುರ್ಚಿಗೆ ಅಲ್ಲಿ ದಾರಿಯೇ ಇಲ್ಲ. ಮಗಳು ಕಿಟಕಿ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದಳು. ಕಡ್ಡಿಯಂಥ ಕಾಲು, ಆದರೆ ಮೈ ತುಂಬಿಕೊಂಡಿತ್ತು, ಕೆನ್ನೆ ಗುಂಡಗೆ. ನನ್ನನ್ನು ಕಂಡು ನಕ್ಕಳು. ಅಮ್ಮ ಬಗ್ಗಿ ಎತ್ತಿದ ಕೂಡಲೇ ತೊಟ್ಟಿಲಲ್ಲಿ ತೂಗಿದ ಮಗುವಿನ ಹಾಗೆ ಕಿಲಕಿಲ ಎಂದಳು. ಎತ್ತಿಸಿಕೊಳ್ಳುವುದೆಂದರೆ ಅವಳಿಗೆ ಆಟ.

ನಾನು ಮಾತ್ರ ನೋಡುತ್ತಿದ್ದದ್ದು ಅಮ್ಮನ ಬೆನ್ನನ್ನು. ಟೀಚರ್ ಕಾಲು ನೆಟ್ಟಗಿಟ್ಟು, ಸೊಂಟದಿಂದ ಬಿಲ್ಲಿನ ಹಾಗೆ ಬಗ್ಗಿ, ಒಂದೇ ಎಳೆತಕ್ಕೆ ಎತ್ತುತ್ತಿದ್ದರು.

"ಹೀಗೆ ಎತ್ತಿದ್ರೆ ನಿಮ್ಮ ಬೆನ್ನು ಒಂದು ಮಳೆಗಾಲ ಬಾಳಿಕೆ ಬರ್ಲಿಕ್ಕಿಲ್ಲ," ಎಂದು ಅಲ್ಲಿಯೇ ಬೈದೆ.

"ಹೇಗೆ ಎತ್ತುವುದು ಅಂತ ಕಲಿಸಿ ಮತ್ತೆ. ಬೈಲಿಕ್ಕೆ ನನಗೂ ಬರ್ತದೆ. ಮೂವತ್ತು ವರ್ಷ ಅದೇ ಕೆಲಸ ಮಾಡಿದ್ದು," ಎಂದರು.

ಭಾನುವಾರ ನಾನು ಬಂದು ಎತ್ತಿ ಕೊಡುತ್ತೇನೆ ಎಂದೆ. ಟೀಚರ್ ತಲೆ ಅಲ್ಲಾಡಿಸಿದರು. ಹೆಣ್ಣುಮಗಳು, ನಾಚಿಕೆ ಉಂಟು ಅವಳಿಗೂ, ಬೇರೆ ಗಂಡಸರು ಮುಟ್ಟಿದರೆ ಮೈ ಸೆಟೆದುಕೊಂಡು ಅಳುತ್ತಾಳೆ ಎಂದರು. ಹೋಮ್ ನರ್ಸುಗಳು ಎಷ್ಟೋ ಮಂದಿ ಬಂದಿದ್ದರಂತೆ. ಮೆಟ್ಟಿಲು ನೋಡಿಯೇ ಅರ್ಧ ಜನ ಹೋದರು, ಉಳಿದವರಿಗೆ ಎತ್ತಲು ಬರಲಿಲ್ಲ.

ಹೀಗೆ ಶುರುವಾಯಿತು. ಪಕ್ಕದ ಮನೆಯ ಹೆಂಗಸು ಒಂದು ಗಂಟೆ ಮಗಳ ಹತ್ತಿರ ಕೂರುತ್ತಿದ್ದರು, ಆ ಹೊತ್ತಿಗೆ ಟೀಚರ್ ಬಸ್ಸು ಹಿಡಿದು ಬರುತ್ತಿದ್ದರು. ಸೀರೆ ಹೋಗಿ ಚೂಡಿದಾರ ಬಂತು, ಕೊಡೆ ಮಾತ್ರ ಬಿಡಲಿಲ್ಲ. ಮೊದಲು ಕೈಗೆ ಪೊರಕೆಯ ಕೋಲು ಕೊಟ್ಟು, ಬೆನ್ನು ಬಗ್ಗಿಸದೆ ಸೊಂಟ ಹಿಂದೆ ತಳ್ಳಿ ಕೂರುವುದನ್ನು ಕಲಿಸಿದೆ. ಕಾಲಿನಿಂದ ಎತ್ತಬೇಕು, ಕೈಯಿಂದಲ್ಲ. ಉಸಿರು ಹೊಟ್ಟೆಯಲ್ಲಿ ಕಟ್ಟಬೇಕು. ಭಾರ ಮೈಗೆ ತಾಗಿಕೊಂಡೇ ಇರಬೇಕು. ಮೂಳೆಯ ಡಾಕ್ಟರ ಹತ್ತಿರ ಕಳಿಸಿದೆ. ಎಲುಬು ಟೊಳ್ಳಾಗುತ್ತ ಬಂದಿದೆ, ಆದರೆ ಸರಿಯಾಗಿ ತಿಂದು ಜಾಗ್ರತೆಯಿಂದ ಮಾಡಿದರೆ ವ್ಯಾಯಾಮದಿಂದ ಒಳ್ಳೆಯದೇ ಆಗುತ್ತದೆ ಎಂದು ಅವರು ಹೇಳಿ ಕಳಿಸಿದರು.

ತಿನ್ನುವ ವಿಷಯಕ್ಕೆ ನಮಗೆ ದಿನಾ ಜಗಳ. ಅಷ್ಟು ವರ್ಷ ಟೀಚರ್ ಊಟ ಮಾಡುತ್ತಿದ್ದದ್ದು ಮಗಳ ಬಟ್ಟಲಲ್ಲಿ ಉಳಿದದ್ದನ್ನು. ಮೀನಿನ ತುಂಡು ಮಗಳಿಗೆ, ಸಾರು ಇವರಿಗೆ. ಮೊಟ್ಟೆ ಮಗಳಿಗೆ. "ಇನ್ನು ನಿಮಗೂ ಒಂದು ಬಟ್ಟಲು ಬೇರೆ ಇಡಿ," ಎಂದೆ. ಬೂತಾಯಿಯನ್ನು ಮುಳ್ಳಿನ ಸಮೇತ ಅಗಿದು ತಿನ್ನಿ, ಹೆಸರುಕಾಳು ಮೊಳಕೆ ಬರಿಸಿ, ರಾಗಿ ಅಂಬಲಿ ಕುಡಿಯಿರಿ, ದಿನಾ ಮೊಟ್ಟೆ ತಪ್ಪಿಸಬೇಡಿ ಎಂದು ಬೆನ್ನು ಬಿದ್ದೆ. ಅವರು ಶಿಸ್ತಿನ ಮನುಷ್ಯರು, ಮಾಡಿದರು. ಮಗಳ ಅನ್ನ ಸ್ವಲ್ಪ ಕಡಿಮೆ ಮಾಡಿದರೆ ಎತ್ತುವುದು ಸುಲಭವಾದೀತು ಎಂದು ಒಮ್ಮೆ ಬಾಯಿ ಬಿಟ್ಟೆ.

"ಅದೊಂದು ಹೇಳ್ಬೇಡ ಪುತಾ," ಎಂದರು. ಪುತಾ ಎಂದರೆ ಕೊಂಕಣಿಯಲ್ಲಿ ಮಗನೇ ಎಂದು. ಆ ಹೊತ್ತಿಗೆ ನಾನು ಸರ್ ಹೋಗಿ ಪುತಾ ಆಗಿದ್ದೆ. "ಅವಳಿಗೆ ಈ ಲೋಕದಲ್ಲಿ ಇರುವ ಖುಷಿ ಎರಡೇ. ಬಾಯಿಗೆ ರುಚಿ, ಮತ್ತೆ ನಾನು ಎತ್ತುವುದು. ಒಂದನ್ನು ಉಳಿಸ್ಲಿಕ್ಕೆ ಇನ್ನೊಂದು ಕಸಿಯುವುದಾ?"

ನಾನು ಆ ಮಾತು ಮತ್ತೆ ಎತ್ತಲಿಲ್ಲ.

ಆ ಮರಳಿನ ಚೀಲ ಅವರದೇ ಯೋಚನೆ. ಕಬ್ಬಿಣದ ರಾಡು ಗಟ್ಟಿಯಾಗಿ ನಿಲ್ಲುತ್ತದೆ, ನನ್ನ ಮಗಳು ಜೋತುಬೀಳುತ್ತಾಳೆ, ಅಭ್ಯಾಸ ಬೇರೆ ಬೇಕು ಎಂದರು. ಮಗಳ ಹಳೆಯ ನೈಟಿಗಳನ್ನು ಬಿಚ್ಚಿ ತಾವೇ ಹೊಲಿದು ತಂದರು, ಮರಳು ನಾನು ತುಂಬಿಸಿದೆ. ಅದನ್ನು ನೆಲದಲ್ಲಿ ಮಲಗಿಸಿ, ಕೆಳಗೆ ಕೈ ತೂರಿಸಿ, ಎದೆಗೆ ಒತ್ತಿಕೊಂಡು ಏಳುವಾಗ ಟೀಚರ್ ಕೊಂಕಣಿಯಲ್ಲಿ ಚೀಲದ ಹತ್ತಿರ ಮಾತಾಡುತ್ತಿದ್ದರು. ಬಾಯೆ, ಎಂದರೆ ಮಗಳೇ, ಗಟ್ಟಿ ಹಿಡ್ಕೊ ಎಂದೋ ಏನೋ. ಹುಡುಗರು ಈಗ ನಗುತ್ತಿರಲಿಲ್ಲ. ಅವರಿಗೇ ಟೀಚರ ಕಾಟ ಶುರುವಾಗಿತ್ತು. ಯಾರಾದರೂ ಭಾರ ಎತ್ತುತ್ತ ಕಿರುಚಿದರೆ, "ಎಂತದು ಮಾರಾಯ, ಬೊಬ್ಬೆ ಹೊಡೆದ್ರೆ ಭಾರ ಕಡಿಮೆ ಆಗ್ತದಾ?" ಎಂದು ಕೇಳುತ್ತಿದ್ದರು. ಅವರಿರುವ ಆ ಒಂದು ಗಂಟೆ ನನ್ನ ಜಿಮ್ಮು ಕ್ಲಾಸಿನ ಹಾಗೆ ತೆಪ್ಪಗಿರುತ್ತಿತ್ತು.

ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ ಬಂತು. ಕನ್ಯಾಮರಿಯಮ್ಮನಿಗೆ ಮಕ್ಕಳು ಹೂವು ಹಾಕುವ, ಮನೆಯಲ್ಲಿ ಹೊಸ ಅಕ್ಕಿ ಉಣ್ಣುವ ಹಬ್ಬ. ನನಗೂ ಊಟಕ್ಕೆ ಹೇಳಿದ್ದರು. ಇಗರ್ಜಿಗೆ ಹೊರಡುವ ಹೊತ್ತಿಗೆ ನಾನು ರಸ್ತೆಯಲ್ಲಿ ರಿಕ್ಷಾದ ಪಕ್ಕ ನಿಂತಿದ್ದೆ. ಟೀಚರ್ ಮಗಳನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲು ಹತ್ತಿ ಬಂದರು. ಹಿಂದೆಲ್ಲ ನಡುವೆ ಎರಡು ಕಡೆ ಕುಳಿತು ಸುಧಾರಿಸಿಕೊಳ್ಳುತ್ತಿದ್ದರಂತೆ. ಆ ದಿನ ಎಲ್ಲಿಯೂ ನಿಲ್ಲಲಿಲ್ಲ. ಬೆನ್ನು ನೇರ, ಕಾಲು ಗಟ್ಟಿ, ಉಸಿರು ಹದ. ಮಗಳು ಅಮ್ಮನ ಹೆಗಲ ಮೇಲೆ ಗಲ್ಲವಿಟ್ಟು, ತಲೆಯಲ್ಲಿ ಒಂದು ಹೂವು ಸಿಕ್ಕಿಸಿಕೊಂಡು, ಇಡೀ ಕೇರಿಗೆ ಕೇಳುವ ಹಾಗೆ ಕೂಗಿ ನಗುತ್ತಿದ್ದಳು. ನನ್ನ ಕೈಯಲ್ಲಿ ಕಲಿತವರು ಎಷ್ಟೋ ಪದಕ ತಂದಿದ್ದಾರೆ. ಯಾವುದೂ ನನಗೆ ಅಷ್ಟು ಖುಷಿ ಕೊಟ್ಟಿಲ್ಲ. ಊಟಕ್ಕೆ ಕುಳಿತಾಗ ಹೊಸ ಅಕ್ಕಿಯ ಅನ್ನ ಎರಡೆರಡು ಸಲ ಹಾಕಿಸಿಕೊಂಡೆ.

ಅದೇ ಕೊನೆಯ ಒಳ್ಳೆಯ ದಿನ ಎಂದು ಯಾರಿಗೆ ಗೊತ್ತಿತ್ತು...

ಕ್ರಿಸ್ಮಸ್ ಕಳೆದ ಮೇಲೆ ಮಗಳಿಗೆ ಕಫ ಕಟ್ಟಿತು, ಅದು ನ್ಯುಮೋನಿಯಾ ಆಯಿತು. ನಮ್ಮ ಜಿಮ್ಮಿನ ಹತ್ತಿರದ ಆಸ್ಪತ್ರೆಯಲ್ಲೇ ಐಸಿಯುಗೆ ಹಾಕಿದರು. ನಾನು ಮಧ್ಯಾಹ್ನ ಚಹಾ ಹಿಡಿದುಕೊಂಡು ಹೋದರೆ ಟೀಚರ್ ವರಾಂಡದ ಕುರ್ಚಿಯಲ್ಲಿ ಜಪಮಾಲೆ ಹಿಡಿದು ಕುಳಿತಿರುತ್ತಿದ್ದರು. ಒಂದು ದಿನ ಡಾಕ್ಟರು ಬಂದು, ನಮ್ಮ ಕೈಯಲ್ಲಿ ಇನ್ನೇನಿಲ್ಲ, ಹೇಳಬೇಕಾದವರಿಗೆಲ್ಲ ಹೇಳಿಬಿಡಿ ಎಂದರು. ಟೀಚರ್ ಅಳಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತರು. ಅಲ್ಲಿಯೇ ಅವರು ಹರಕೆ ಹೊತ್ತದ್ದು. ಮಗಳು ಜೀವಸಹಿತ ಮನೆಗೆ ಬಂದರೆ, ಈಸ್ಟರಿಗೆ ಮೊದಲಿನ ನಲವತ್ತು ದಿನದ ತಪಸ್ಸಿನ ಕಾಲ ಪೂರ್ತಿ ದಿನಕ್ಕೆ ಒಂದೇ ಹೊತ್ತು ಗಂಜಿ, ಉಪ್ಪಿನಕಾಯಿ. ಮೀನು ಇಲ್ಲ, ಮೊಟ್ಟೆ ಇಲ್ಲ, ಹಾಲೂ ಇಲ್ಲ.

ಮಗಳು ಬದುಕಿ ಮನೆಗೆ ಬಂದಳು.

ತಪಸ್ಸಿನ ಕಾಲ ಶುರುವಾಗುವ ಮುಂಚಿನ ದಿನ ಟೀಚರ್ ಜಿಮ್ಮಿಗೆ ಬಂದು ಇದನ್ನೆಲ್ಲ ನನಗೆ ಹೇಳಿದರು. ಅಡಗಿಸಿ ಇಡುವ ಮನುಷ್ಯರಲ್ಲ ಅವರು. ನನಗೆ ತಲೆ ಕೆಟ್ಟುಹೋಯಿತು.

"ದೇವರಿಗೆ ನಿಮ್ಮ ಮೊಟ್ಟೆಯಿಂದ ಎಂತ ಆಗ್ಬೇಕು ಟೀಚರ್? ನಿಮ್ಮ ಮೂಳೆ ಹೇಗುಂಟು ಅಂತ ಗೊತ್ತಿಲ್ವಾ? ಗಂಜಿ ಕುಡಿದು ಅವಳನ್ನು ಎತ್ಲಿಕ್ಕೆ ಆಗ್ತದಾ? ಹರಕೆ ಹೊರುವುದೇ ಆದ್ರೆ ಬೇರೆ ಎಂತ ಬೇಕಾದ್ರೂ ಹೊರಬಹುದಿತ್ತಲ್ಲ!"

"ಸುಲಭದ್ದು ಕೊಟ್ರೆ ಹರಕೆ ಹೇಗಾಗ್ತದೆ?" ಎಂದರು.

ಪಾದ್ರಿಗಳ ಹತ್ತಿರ ಕೇಳಿ ಎಂದು ಹಠ ಹಿಡಿದೆ. ಕೇಳಿ ಬಂದರು. ಈ ವಯಸ್ಸಿಗೆ ಉಪವಾಸ ಕಡ್ಡಾಯವಲ್ಲ, ಅದರ ಬದಲು ಬೇರೇನಾದರೂ ಪುಣ್ಯಕಾರ್ಯ ಮಾಡಿ ಎಂದು ಪಾದ್ರಿಗಳು ಬಿಡಿಸಿಯೇ ಹೇಳಿದ್ದರಂತೆ. ಅಬ್ಬಾ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಟೀಚರ್ ಮುಂದುವರಿಸಿದರು. "ಅವರು ಒಳ್ಳೆಯವರು, ಬಿಡಬಹುದು ಹೇಳಿದ್ರು. ಆದ್ರೆ ಆ ಗೋಡೆಯ ಹತ್ತಿರ ಮಾತು ಕೊಟ್ಟದ್ದು ನಾನಲ್ವಾ? ದೇವರು ಅವಳನ್ನು ಪೂರ್ತಿ ವಾಪಸ್ ಕೊಟ್ಟಿದ್ದಾನೆ. ನಾನು ಅರ್ಧ ಕೊಡುವುದಾ?"

ಮನೆಗೆ ಹೋಗಿ ಅಮ್ಮನ ಹತ್ತಿರ ಹೇಳಿ ಕೂಗಾಡಿದೆ. ಅಮ್ಮನಾದರೂ ನನ್ನ ಪರ ಮಾತಾಡುತ್ತಾಳೆ ಎಂದುಕೊಂಡಿದ್ದೆ. ದೈವಕ್ಕೆ ಹೇಳಿಕೊಂಡ ಹರಕೆಗೆ ಜ್ವರದಲ್ಲೂ ತಣ್ಣೀರು ಮಿಂದು ಬರಿಗಾಲಲ್ಲಿ ನಡೆದು ಹೋದವಳು ಅವಳು. "ಹರಕೆ ತಪ್ಪಿಸು ಅಂತ ಆ ಟೀಚರಿಗೆ ಹೇಳಿದ್ಯಾ? ನಿನಗೆ ಬುದ್ಧಿ ಉಂಟಾ?" ಎಂದು ನನಗೇ ಬೈದಳು. ಹಾಗಾಗಿ ಟೀಚರ್ ಹೇಳಿದ್ದು ನನಗೆ ಅರ್ಥವಾಗಲಿಲ್ಲ ಎಂದು ಹೇಳಲಾರೆ. ಚೆನ್ನಾಗಿ ಅರ್ಥವಾಗಿತ್ತು. ಅರ್ಥವಾದ ಮೇಲೂ ಸಿಟ್ಟು ಕಡಿಮೆಯಾಗಲಿಲ್ಲ, ಅಷ್ಟೇ.

ಮೈ ಎಂಬುದು ಬಹಳ ನಿಷ್ಠುರ. ಕೊಡದಿದ್ದರೆ ತನ್ನನ್ನೇ ತಿನ್ನಲು ಶುರುಮಾಡುತ್ತದೆ, ಮೊದಲು ತಿನ್ನುವುದು ಕಷ್ಟಪಟ್ಟು ಕಟ್ಟಿದ ಮಾಂಸವನ್ನು. ಟೀಚರ ತೋಳು ಸಡಿಲವಾದದ್ದು, ಕಣ್ಣಿನ ಕೆಳಗೆ ಗುಳಿ ಬಿದ್ದದ್ದು ವಾರದಿಂದ ವಾರಕ್ಕೆ ಕಾಣುತ್ತಿತ್ತು. ಒಂದು ದಿನ ಮರಳಿನ ಚೀಲ ಎತ್ತಿ ನಿಲ್ಲುವಾಗ ಅವರ ತೊಡೆ ಗಡಗಡ ನಡುಗಿತು. ನಾನು ಓಡಿ ಹೋಗಿ ಕಸಿದುಕೊಂಡೆ.

"ಈಸ್ಟರ್ ಮುಗಿಯುವವರೆಗೆ ನೀವು ಇಲ್ಲಿಗೆ ಬರ್ಬೇಡಿ," ಎಂದೆ.

"ಇಲ್ಲಿ ಬೇಡ ಅಂದ್ರೆ ಬಿಡುವಾ. ಮನೆಯಲ್ಲಿ ಎತ್ತದೆ ಹೇಗೆ ಪುತಾ? ಅವಳಿಗೆ ಬಚ್ಚಲಿಗೆ ಹೋಗ್ಲಿಕ್ಕೆ ಇಲ್ವಾ?"

ಬೇಯಿಸಿದ ಮೊಟ್ಟೆ ಡಬ್ಬಿಯಲ್ಲಿ ಹಾಕಿ ಮನೆಗೇ ಹೋಗಿ ಕೊಟ್ಟೆ. ಟೀಚರ್ ಡಬ್ಬಿ ತೆರೆದು, ನನ್ನೆದುರೇ ಎಲ್ಲವನ್ನೂ ಸಣ್ಣಗೆ ಮುರಿದು ಮಗಳಿಗೆ ತಿನ್ನಿಸಿದರು. ಮಗಳು ಬಾಯಿ ಚಪ್ಪರಿಸಿ ನಕ್ಕಳು. ಖಾಲಿ ಡಬ್ಬಿ ತೊಳೆದು ನನ್ನ ಕೈಗೆ ಕೊಟ್ಟರು. ಅವರಿಗೆ ಬೈಯುವುದೋ, ಕಾಲಿಗೆ ಬೀಳುವುದೋ ತಿಳಿಯದೆ ಬೈಕ್ ಹತ್ತಿ ಬಂದೆ.

ಗರಿಗಳ ಭಾನುವಾರ ಎಂದರೆ ಈಸ್ಟರಿಗೆ ಮುಂಚಿನ ಭಾನುವಾರ. ಎಲ್ಲರೂ ತೆಂಗಿನ ಗರಿ ಹಿಡಿದು ಇಗರ್ಜಿಗೆ ಹೋಗುತ್ತಾರೆ. ಹರಕೆ ಮುಗಿಯಲು ಇನ್ನು ಒಂದು ವಾರವೂ ಇರಲಿಲ್ಲ. ಟೀಚರ್ ಮಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಮೇಲಿನಿಂದ ನೋಡುತ್ತಿದ್ದ ಪಕ್ಕದ ಮನೆಯ ಹೆಂಗಸು ಆಮೇಲೆ ನನಗೆ ಹೇಳಿದ್ದು ಇದು. ಅರ್ಧ ದಾರಿಯಲ್ಲಿ ಟೀಚರ್ ಒಮ್ಮೆಲೇ ನಿಂತರು. ಮುಖ ಬೆಳ್ಳಗಾಯಿತು. ಆದರೆ ಕೈ ಬಿಡಲಿಲ್ಲ. ಗೋಡೆಗೆ ಬೆನ್ನು ಒರಗಿಸಿ, ಮೆಲ್ಲ ಮೆಲ್ಲ ಜಾರಿ, ಮಗಳನ್ನು ಮಡಿಲಲ್ಲೇ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತರು. ಮತ್ತೆ ಏಳಲಿಲ್ಲ. ಮಗಳು ಆಟವೆಂದುಕೊಂಡು ನಗುತ್ತಲೇ ಇದ್ದಳಂತೆ.

ಬೆನ್ನಿನ ಎಲುಬು ಕುಸಿದಿತ್ತು. ನಾನು ಆಸ್ಪತ್ರೆಗೆ ಓಡಿ ಹೋದಾಗ ಸ್ಟ್ರೆಚರ್ ಮೇಲೆ ನೆಟ್ಟಗೆ ಮಲಗಿದ್ದರು. "ಬೀಳಿಸ್ಲಿಲ್ಲ ಪುತಾ. ಅವಳಿಗೆ ಎಂತದ್ದೂ ಆಗ್ಲಿಲ್ಲ," ಎಂದರು. ನನಗೆ ತಡೆಯಲಾಗಲಿಲ್ಲ. ಅಲ್ಲಿಯೇ ವಾರ್ಡಿನ ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ. ಅಷ್ಟು ದೊಡ್ಡ ದೇಹ ಇಟ್ಟುಕೊಂಡು ಅಳುವವನನ್ನು ನರ್ಸುಗಳು ವಿಚಿತ್ರವಾಗಿ ನೋಡಿದರು.

ಎಲುಬು ಕೂಡುತ್ತದೆ, ಬೆಲ್ಟ್ ಹಾಕಿ ನಡೆಯಬಹುದು, ಆದರೆ ಜೀವನದಲ್ಲಿ ಇನ್ನು ಭಾರ ಎತ್ತುವಂತಿಲ್ಲ ಎಂದು ಡಾಕ್ಟರು ಹೇಳಿದರು. ಇನ್ನೊಮ್ಮೆ ಕುಸಿದರೆ ಕಾಲುಗಳೇ ಹೋಗಬಹುದು. ಆ ವಾರವೇ ಮಗಳನ್ನು ಊರಾಚೆ ಕಾನ್ವೆಂಟಿನ ಸಿಸ್ಟರುಗಳು ನಡೆಸುವ ಆಶ್ರಮಕ್ಕೆ ಸೇರಿಸಬೇಕಾಯಿತು. ಆಂಬ್ಯುಲೆನ್ಸಿಗೆ ಎತ್ತುವಾಗ ಮಗಳು ಗೋಣು ತಿರುಗಿಸಿ ತಿರುಗಿಸಿ ಅಮ್ಮನನ್ನು ಹುಡುಕಿದಳು. ಅಮ್ಮ ಆಸ್ಪತ್ರೆಯಲ್ಲಿ ಮಲಗಿದ್ದರು. ಆ ದಿನ ಅಲ್ಲಿ ಇದ್ದವನು ನಾನು. ಮುಟ್ಟಿದರೆ ಅಳುತ್ತಾಳೆ ಎಂದು ದೂರವೇ ನಿಂತಿದ್ದೆ. ಮುಟ್ಟದಿದ್ದರೂ ಅತ್ತಳು.

ಬೆಲ್ಟ್ ಹಾಕಿಕೊಂಡು ನಡೆಯಲು ಶುರುಮಾಡಿದ ಮೇಲೆ ಟೀಚರ್ ಮೊದಲು ಬಂದದ್ದು ನನ್ನ ಹತ್ತಿರ. "ಮತ್ತೆ ಕೋಲಿನಿಂದ ಶುರು ಮಾಡುವಾ," ಎಂದರು. ಡಾಕ್ಟರು ಹೇಳಿದ್ದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆಗುವುದಿಲ್ಲ ಎಂದು ನಾನೇ ಬಾಯಿಬಿಟ್ಟು ಹೇಳಬೇಕಾಯಿತು. ನಡೆಯುವುದಕ್ಕೆ, ಬೀಳದೆ ಇರುವುದಕ್ಕೆ ಬೇಕಾದಷ್ಟು ಮಾಡಿಸುತ್ತೇನೆ, ಅವಳನ್ನು ಎತ್ತುವಷ್ಟು ಮಾತ್ರ ಇನ್ನು ಸಾಧ್ಯವಿಲ್ಲ, ಅವಳ ಭಾರಕ್ಕೆ ನಿಮ್ಮ ಬೆನ್ನು ತಡೆಯುವುದಿಲ್ಲ ಎಂದೆ. ಟೀಚರ್ ಮೂಲೆಯ ಕೋಲನ್ನು ಒಮ್ಮೆ ಮುಟ್ಟಿ ನೋಡಿದರು. ಆಮೇಲೆ ಕೊಡೆ ತೆಗೆದುಕೊಂಡು ಹೋದರು.

ವಾರಕ್ಕೊಮ್ಮೆ ಎರಡು ಬಸ್ಸು ಬದಲಿಸಿ ಆಶ್ರಮಕ್ಕೆ ಹೋಗುತ್ತಿದ್ದರು, ಡಬ್ಬಿಯಲ್ಲಿ ಮೀನಿನ ಸಾರು, ಮೆತ್ತಗಿನ ಅನ್ನ ಹಿಡಿದುಕೊಂಡು. ಸಿಸ್ಟರುಗಳನ್ನು ದೂರಲಾರೆ. ಅಲ್ಲಿ ಮಲಗಿದವರು ಅಷ್ಟು ಮಂದಿ, ನೋಡುವ ಕೈಗಳು ಕೆಲವೇ. ಅವರೂ ತಿನ್ನಿಸಲು ನೋಡಿದರು. ಆದರೆ ಹುಟ್ಟಿದಂದಿನಿಂದ ಒಂದೇ ಕೈಯಿಂದ ಉಂಡವಳು ಬೇರೆ ಕೈ ಬಂದರೆ ತುಟಿ ಬಿಗಿದುಕೊಳ್ಳುತ್ತಿದ್ದಳಂತೆ. ಮಳೆಗಾಲ ಜೋರಾದಾಗ ಮತ್ತೆ ಕಫ ಕಟ್ಟಿತು. ಈ ಸಲ ಯಾರಿಗೂ ಹರಕೆ ಹೊರುವಷ್ಟು ಸಮಯವೂ ಸಿಗಲಿಲ್ಲ...

ಶವವನ್ನು ಬೋಳಾರದ ಮನೆಗೆ ತಂದರು. ನಾನೂ ಹೋಗಿದ್ದೆ. ಅದೇ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಬಿಳಿ ಬಟ್ಟೆ ತೊಡಿಸಿ ಮಲಗಿಸಿದ್ದರು. ಪೆಟ್ಟಿಗೆ ಪಕ್ಕದಲ್ಲಿ ತೆರೆದಿತ್ತು. ಇಗರ್ಜಿಯ ಕಡೆಯ ನಾಲ್ಕು ಮಂದಿ ಗಂಡಸರು ಅವಳನ್ನು ಪೆಟ್ಟಿಗೆಗೆ ಇಳಿಸಲು ಮುಂದೆ ಬಂದರು. ಟೀಚರ್ ಕೈ ಅಡ್ಡ ಹಿಡಿದರು. "ನೀವು ಬೇಡ. ಅವಳಿಗೆ ಆಗುವುದಿಲ್ಲ," ಎಂದರು.

ತಡೆಯಬೇಕಾದವನು ನಾನು. ಇನ್ನೊಮ್ಮೆ ಕುಸಿದರೆ ಏನಾಗುತ್ತದೆಂದು ಆ ಕೋಣೆಯಲ್ಲಿ ಸರಿಯಾಗಿ ಗೊತ್ತಿದ್ದದ್ದು ನನಗೆ ಒಬ್ಬನಿಗೇ. ಒಂದು ಹೆಜ್ಜೆ ಮುಂದೆ ಇಟ್ಟೆ. ಟೀಚರ್ ನನ್ನನ್ನು ನೋಡಿದರು. ನಾನು ಹಿಂದೆ ಸರಿದೆ. ಅವರು ಹಾಸಿಗೆಗೆ ಹತ್ತಿರ ನಿಂತು, ಕಾಲು ಅಗಲಿಸಿ, ಸೊಂಟ ಹಿಂದೆ ತಳ್ಳಿ ಕೂತು, ಮಗಳ ಬೆನ್ನಿನ ಅಡಿಗೆ, ಮಂಡಿಯ ಅಡಿಗೆ ಕೈ ತೂರಿಸಿದರು. ಉಸಿರು ಕಟ್ಟಿದರು. ಎದೆಗೆ ಒತ್ತಿಕೊಂಡು ಎದ್ದರು. ಕಲಿಸಿದ್ದರಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ.

ಎದ್ದವರು ಹಾಗೆಯೇ ನಿಂತುಬಿಟ್ಟರು. ಪೆಟ್ಟಿಗೆಯ ಕಡೆ ತಿರುಗಲಿಲ್ಲ. ತೋಳಿನಲ್ಲಿದ್ದವಳನ್ನು ಒಮ್ಮೆ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಮಾಡಿ ನೋಡಿದರು. ಅವರಿಗೆ ನಂಬಿಕೆ ಬರುತ್ತಿರಲಿಲ್ಲ. ಆ ಭಾರ ಅವರಿಗೆ ಗೊತ್ತಿದ್ದಷ್ಟು ಯಾರಿಗೆ ಗೊತ್ತಿತ್ತು? ಆಮೇಲೆ ನನ್ನ ಕಡೆ ತಿರುಗಿದರು.

"ಎಷ್ಟು ಹಗುರ ಆಗಿದ್ದಾಳೆ ನೋಡು ಪುತಾ," ಎಂದರು. "ಇಷ್ಟೇ ಭಾರ ಆದ್ರೆ ನನ್ನಿಂದ ಎತ್ಲಿಕ್ಕೆ ಆಗ್ತಿತ್ತಲ್ಲ... ಮನೆಯಲ್ಲೇ ಇಟ್ಕೊಳ್ಬಹುದಿತ್ತಲ್ಲ."

ನಾನು ಮುಂದೆ ಹೋಗಿ ಪೆಟ್ಟಿಗೆಯನ್ನು ಅವರ ಹತ್ತಿರಕ್ಕೆ ಸರಿಸಿದೆ.

ಟೀಚರ್ ಆಮೇಲೆ ಹೆಚ್ಚು ಕಾಲ ಬದುಕಲಿಲ್ಲ. ಕಾಯಿಲೆ ಎಂದು ದೊಡ್ಡದೇನೂ ಇರಲಿಲ್ಲ, ಊಟ ಸೇರುತ್ತಿರಲಿಲ್ಲ, ಅಷ್ಟೇ. ನಾನು ಹೋಗಿ ಬೈಯುತ್ತಿದ್ದೆ. ಅವರು ನಗುತ್ತಿದ್ದರು. ಅವರು ಹೋಗಿ ವರ್ಷಗಳಾದವು. ಈಗ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ.

ನಮ್ಮ ಕೆಲಸದಲ್ಲಿ ಯಾರದ್ದಾದರೂ ತೂಕ ಇಳಿದರೆ ಚಪ್ಪಾಳೆ. ಇವತ್ತು ಬೆಳಿಗ್ಗೆಯೂ ಒಬ್ಬ ಹೆಂಗಸು ತೂಕದ ಯಂತ್ರದಿಂದ ಇಳಿದು, "ಸರ್, ಎಷ್ಟು ಹಗುರ ಆಗಿದ್ದೇನೆ ನೋಡಿ!" ಎಂದು ಕುಣಿದರು. ಪಾಪ, ಮೈ ಮುರಿದು ಕೆಲಸ ಮಾಡಿದ್ದಾರೆ, ಖುಷಿಪಡಬೇಕಾದ್ದೇ. ಭೇಷ್ ಎಂದೆ. ಚಪ್ಪಾಳೆಯನ್ನೂ ತಟ್ಟಿದೆ. ಆಮೇಲೆ ನೀರು ಕುಡಿದು ಬರುತ್ತೇನೆ ಎಂದು ಹೇಳಿ ಹೊರಗೆ ಬಂದು, ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ಕುಳಿತಿದ್ದೆ.